ದಾಖಲೆಗೆ ವಿಳಾಸ ಕೊಟ್ಟ ಶಾಲಾ ಮೇಷ್ಟರು ರೆನಾಲ್ಡ್ ಜಾನ್ಸನ್

ಬ್ಯಾಂಕಿನಲ್ಲಿ ಖಾತೆ ಸಂಖ್ಯೆ ಹೇಳಿದೊಡನೆ ಸಿಬ್ಬಂದಿ ನಮ್ಮ ಲೆಕ್ಕವನ್ನಷ್ಟೇ ಪರದೆಯ ಮೇಲೆ ತರುತ್ತಾರೆ. ನಮಗಿಂತ ಮೊದಲಿನ ಸಾವಿರಾರು ಖಾತೆಗಳನ್ನು ಯಂತ್ರ ಓದುತ್ತಾ ಕೂರುವುದಿಲ್ಲ. ಇಂದು ಸಹಜವೆನಿಸುವ ಈ ಅನುಕೂಲ 1950ರ ದಶಕದ ಆರಂಭದಲ್ಲಿ ಕಚೇರಿಗಳಿಗೆ ಎಟುಕಿರಲಿಲ್ಲ. ಅದನ್ನು ಸಾಧ್ಯವಾಗಿಸಿದ ತಂಡದ ನಾಯಕ, ಒಂದು ಕಾಲಕ್ಕೆ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ರೆನಾಲ್ಡ್ ಬಿ. ಜಾನ್ಸನ್.

ಜಾನ್ಸನ್ ಜನಿಸಿದ್ದು 1906ರ ಜುಲೈ 16ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ. ಸ್ವೀಡನ್‌ನಿಂದ ವಲಸೆ ಬಂದ ಕುಟುಂಬದ ಹತ್ತು ಮಕ್ಕಳಲ್ಲಿ ಅವರೇ ಕಿರಿಯರು. 1929ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಮಿಷಿಗನ್ ರಾಜ್ಯದ ಐರನ್‌ವುಡ್ ಪಟ್ಟಣದಲ್ಲಿ ಶಿಕ್ಷಕರಾದರು. ರಾಶಿ ರಾಶಿ ಉತ್ತರಪತ್ರಿಕೆಗಳನ್ನು ತಿದ್ದುವ ಶ್ರಮ ಅವರನ್ನು ಯೋಚನೆಗೆ ಹಚ್ಚಿತು.

ಆಗ ನೆರವಿಗೆ ಬಂದದ್ದು ಬಾಲ್ಯದ ತುಂಟತನ. ಅಕ್ಕಂದಿರನ್ನು ನೋಡಲು ಬರುತ್ತಿದ್ದ ಯುವಕರ ಕಾರುಗಳ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ ಗೀಟು ಎಳೆದರೆ ವಿದ್ಯುತ್ ಆ ಗೀಟಿನ ಮೂಲಕ ಹರಿದುಹೋಗಿ ಕಿಡಿ ಹಾರುತ್ತಿರಲಿಲ್ಲ. ಪೆನ್ಸಿಲ್ಲಿನ ಸೀಸ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬ ಆ ತಿಳಿವಳಿಕೆಯಿಂದಲೇ ಉತ್ತರದ ಗುರುತುಗಳನ್ನು ಓದಿ ಅಂಕ ಎಣಿಸುವ ಯಂತ್ರ ರೂಪುಗೊಂಡಿತು. ಐಬಿಎಂ ಸಂಸ್ಥೆ 1934ರಲ್ಲಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡು, ದಶಕದ ಕೊನೆಯ ಭಾಗದಲ್ಲಿ ಆ ಯಂತ್ರವನ್ನು 805 ಎಂಬ ಸಂಖ್ಯೆಯಲ್ಲಿ ಹೊರತಂದಿತು.

1952ರಲ್ಲಿ ಸಂಸ್ಥೆ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳುಹಿಸಿತು. ಹಣ್ಣಿನ ತೋಟಗಳಿಗೆ ಹೆಸರಾಗಿದ್ದ ಆ ಊರಿನ ಬಾಡಿಗೆ ಕಟ್ಟಡದಲ್ಲಿ ಹೊಸ ಪ್ರಯೋಗಾಲಯ ಕಟ್ಟುವ ಹೊಣೆ ಅವರದಾಯಿತು.

ಆ ದಿನಗಳಲ್ಲಿ ಕಚೇರಿಗಳ ಲೆಕ್ಕಪತ್ರವೆಲ್ಲ ರಂಧ್ರ ಕೊರೆದ ಕಾರ್ಡುಗಳಲ್ಲಿರುತ್ತಿತ್ತು. ಒಂದು ಸರಕಿನ ದಾಸ್ತಾನು ತಿಳಿಯಬೇಕಾದರೆ ಸಿಬ್ಬಂದಿ ತೊಟ್ಟಿಯಂತಹ ಪೆಟ್ಟಿಗೆಯಿಂದ ಕಾರ್ಡನ್ನು ಕೈಯಲ್ಲಿ ಹುಡುಕಿ ತೆಗೆಯಬೇಕಿತ್ತು. ಯಂತ್ರಕ್ಕೆ ಕೊಡುವುದಾದರೆ ದಿನದ ವ್ಯವಹಾರಗಳನ್ನೆಲ್ಲ ಒಟ್ಟುಗೂಡಿಸಿ, ಕ್ರಮವಾಗಿ ಜೋಡಿಸಿ, ಒಮ್ಮೆಗೇ ಹಾಯಿಸಬೇಕಿತ್ತು. ಮ್ಯಾಗ್ನೆಟಿಕ್ ಟೇಪಿನ ಮಿತಿಯೂ ಇದೇ. ನಡುವಿನ ಒಂದು ದಾಖಲೆ ಬೇಕೆಂದರೆ ಅದರ ಹಿಂದಿನದನ್ನೆಲ್ಲ ಸುತ್ತಿ ದಾಟಬೇಕು. ಬೇಕಾದುದನ್ನು ನೇರವಾಗಿ ಮುಟ್ಟಬಲ್ಲ ಕಾಂತೀಯ ಡ್ರಮ್‌ಗಳು ಇದ್ದವಾದರೂ, ಅವುಗಳ ಹೊರಮೈ ಮಾತ್ರ ಬಳಕೆಗೆ ಸಿಗುತ್ತಿದ್ದುದರಿಂದ ಹೆಚ್ಚು ಮಾಹಿತಿ ಹಿಡಿಸುತ್ತಿರಲಿಲ್ಲ.

ಹಲವು ಆಯ್ಕೆಗಳನ್ನು ತೂಗಿ ನೋಡಿದ ಜಾನ್ಸನ್ 1953ರಲ್ಲಿ ತಿರುಗುವ ತಟ್ಟೆಗಳ ಕಡೆಗೆ ವಾಲಿದರು. ತಟ್ಟೆಗೆ ಎರಡು ಮುಖಗಳಿವೆ. ಒಂದರ ಮೇಲೊಂದು ಪೇರಿಸಿದರೆ ಸ್ವಲ್ಪ ಜಾಗದಲ್ಲೇ ವಿಶಾಲವಾದ ಮೇಲ್ಮೈ ದೊರೆಯುತ್ತದೆ. ಆದರೆ ದೊಡ್ಡ ತಟ್ಟೆ ವೇಗವಾಗಿ ತಿರುಗುವಾಗ ಓಲಾಡುತ್ತದೆ. ಓದುವ ತಲೆ ಅದಕ್ಕೆ ತಗಲಿದರೆ ಲೇಪನ ಕಿತ್ತು ದಾಖಲೆ ನಾಶವಾಗುತ್ತದೆ. ತಲೆಯಿಂದ ಒತ್ತಡದ ಗಾಳಿ ಹೊರಡಿಸಿ, ಗಾಳಿಯ ತೆಳು ಪದರದ ಮೇಲೆ ಅದು ತೇಲುವಂತೆ ಮಾಡಿ ತಂಡ ಈ ತೊಡಕನ್ನು ಬಿಡಿಸಿತು. ಐರನ್ ಆಕ್ಸೈಡ್ ಬೆರೆತ ಬಣ್ಣವನ್ನು ತಿರುಗುವ ತಟ್ಟೆಯ ನಡುಭಾಗಕ್ಕೆ ಸುರಿದು, ಅದು ತಾನಾಗಿ ಅಂಚಿನವರೆಗೆ ಸಮನಾಗಿ ಹರಡುವಂತೆ ಮಾಡಲಾಯಿತು. 1954ರ ಫೆಬ್ರುವರಿಯಲ್ಲಿ ಕಾರ್ಡಿನ ಮಾಹಿತಿ ಡಿಸ್ಕಿಗೆ ಹೋಗಿ, ಮರಳಿ ಕಾರ್ಡಿಗೆ ಬಂದಿತು.

1956ರ ಸೆಪ್ಟೆಂಬರ್‌ನಲ್ಲಿ ಐಬಿಎಂ 305 ರಾಮಾಕ್ ಎಂಬ ಕಂಪ್ಯೂಟರನ್ನೂ ಅದರ 350 ಡಿಸ್ಕ್ ಘಟಕವನ್ನೂ ಪ್ರಕಟಿಸಿತು. ಸುಮಾರು ಒಂದು ಟನ್ ತೂಗುತ್ತಿದ್ದ ಈ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಒಟ್ಟು ಸಾಮರ್ಥ್ಯ 50 ಲಕ್ಷ ಅಕ್ಷರಗಳು, ಅಂದರೆ 80 ಅಕ್ಷರ ಹಿಡಿಸುವ 62,500 ಕಾರ್ಡುಗಳಷ್ಟು. ಇಡೀ ವ್ಯವಸ್ಥೆಯ ಬಾಡಿಗೆ ತಿಂಗಳಿಗೆ 3,200 ಡಾಲರ್.

ಗಾತ್ರಕ್ಕಿಂತ ಮುಖ್ಯವಾದುದು ಒಳಗಿನ ವ್ಯವಸ್ಥೆ. ಪ್ರತಿ ತಟ್ಟೆಯ ಮೇಲೆ ಒಂದರೊಳಗೊಂದು 100 ವೃತ್ತಾಕಾರದ ಟ್ರ್ಯಾಕ್‌ಗಳು. ಪ್ರತಿ ಟ್ರ್ಯಾಕಿಗೆ ಮೇಲ್ಮುಖದಲ್ಲಿ ಐದು, ಕೆಳಮುಖದಲ್ಲಿ ಐದು ಸೆಕ್ಟರ್‌ಗಳು. ಪ್ರತಿ ಸೆಕ್ಟರಿನಲ್ಲಿ 100 ಅಕ್ಷರಗಳು. ಹೀಗೆ 50,000 ಕೋಣೆಗಳು, ಒಂದೊಂದಕ್ಕೂ ಐದಂಕಿಯ ವಿಳಾಸ. 12345 ಎಂದರೆ 12ನೇ ಸಂಖ್ಯೆಯ ತಟ್ಟೆ, 34ನೇ ಸಂಖ್ಯೆಯ ಟ್ರ್ಯಾಕ್, 5ನೇ ಸಂಖ್ಯೆಯ ಸೆಕ್ಟರ್. ಬಡಾವಣೆ, ಅಡ್ಡರಸ್ತೆ, ಮನೆ ಸಂಖ್ಯೆ ಹೇಳಿದಂತೆಯೇ ಸರಿ. ತೋಳೊಂದು ಹೊರಬಂದು, ತಟ್ಟೆಯ ಮಟ್ಟಕ್ಕೆ ಏರಿ ಅಥವಾ ಇಳಿದು, ಒಳಸರಿದು ಟ್ರ್ಯಾಕಿನ ಮೇಲೆ ನಿಲ್ಲುತ್ತಿತ್ತು. ಇದಕ್ಕೆ ಹಿಡಿಯುತ್ತಿದ್ದುದು ಸರಾಸರಿ 0.6 ಸೆಕೆಂಡ್.

ಆದರೆ ವ್ಯಾಪಾರಿಗೆ ಗೊತ್ತಿರುವುದು ಸರಕಿನ ಸಂಖ್ಯೆಯೇ ಹೊರತು ತಟ್ಟೆಯ ವಿಳಾಸವಲ್ಲ. ಸರಕಿನ ಸಂಖ್ಯೆಗಳು ಉದ್ದವಾಗಿಯೂ ನಡುವೆ ಬಿಟ್ಟುಬಿಟ್ಟೂ ಇರುತ್ತವೆ. ಗಣಿತ ಸೂತ್ರವೊಂದರಿಂದ ಅವನ್ನು ಐದಂಕಿಯ ವಿಳಾಸಕ್ಕೆ ಇಳಿಸಬೇಕಾಯಿತು. ಆಗ ಎರಡು ಸರಕುಗಳು ಒಂದೇ ಕೋಣೆಗೆ ಬಂದು ಬೀಳುವುದುಂಟು. ಎರಡನೆಯದನ್ನು ಬೇರೆಡೆ ಇರಿಸಿ, ಮೊದಲ ಕೋಣೆಯಲ್ಲಿ ಅದರ ಗುರುತು ಬಿಡಬೇಕು. ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರಲ್ಲೇ ಇಂತಹ ಯೋಚನೆಯನ್ನು ಬರೆದಿಟ್ಟಿದ್ದರು. ಡಬ್ಲ್ಯು. ವೆಸ್ಲಿ ಪೀಟರ್‌ಸನ್ 1957ರ ಪ್ರಬಂಧದಲ್ಲಿ ಇದನ್ನು ವಿಸ್ತಾರವಾಗಿ ವಿಶ್ಲೇಷಿಸಿದರು. ಇಂದಿನ ತಂತ್ರಾಂಶಗಳಲ್ಲೆಲ್ಲ ಕಾಣುವ ಹ್ಯಾಷಿಂಗ್ ವಿಧಾನ ಇದೇ.

ಅನುಕೂಲದ ಜೊತೆಗೆ ಅಪಾಯವೂ ಬಂದಿತು. ಹೊಸ ಮೊತ್ತವನ್ನು ಹಳೆಯದರ ಜಾಗದಲ್ಲೇ ಬರೆಯುವುದರಿಂದ ಹಳೆಯದು ಅಳಿಸಿಹೋಗುತ್ತಿತ್ತು. ಕಾರ್ಡಿನ ಕಾಲದಲ್ಲಿ ಹಿಂದಿನ ಕಟ್ಟು ಸಾಕ್ಷಿಯಾಗಿ ಉಳಿಯುತ್ತಿತ್ತು. ಈಗ ಪ್ರತಿಯನ್ನು ಬೇರೆಡೆ ತೆಗೆದಿಡುವ ಶಿಸ್ತು ಅನಿವಾರ್ಯವಾಯಿತು.

ವಿಳಾಸದ ರೀತಿಯೂ ಬದಲಾಗುತ್ತಾ ಸಾಗಿತು. 1961ರ ಐಬಿಎಂ 1301ರಲ್ಲಿ ಪ್ರತಿ ಮುಖಕ್ಕೂ ಒಂದು ತಲೆ ಬಂದು, ಬಾಚಣಿಗೆಯ ಹಲ್ಲುಗಳಂತೆ ಎಲ್ಲವೂ ಒಟ್ಟಿಗೇ ಸರಿದವು. ಒಂದೇ ನೇರದಲ್ಲಿರುವ ಟ್ರ್ಯಾಕ್‌ಗಳ ಸಮೂಹಕ್ಕೆ ಸಿಲಿಂಡರ್ ಎಂಬ ಹೆಸರು ಬಂದಿತು. ಸಿಲಿಂಡರ್, ತಲೆ, ಸೆಕ್ಟರ್ ಎಂಬ ಮೂರು ಸಂಖ್ಯೆಗಳ ವಿಳಾಸ ವೈಯಕ್ತಿಕ ಕಂಪ್ಯೂಟರುಗಳವರೆಗೂ ಬಂದಿತು. ಮುಂದೆ ಅದೂ ಮರೆಗೆ ಸರಿದು, ಸೊನ್ನೆಯಿಂದ ಆರಂಭವಾಗುವ ಒಂದೇ ಕ್ರಮಸಂಖ್ಯೆ ಉಳಿಯಿತು. ಆ ಸಂಖ್ಯೆ ಯಾವ ತಟ್ಟೆಯ ಯಾವ ಮೂಲೆ ಎಂಬುದನ್ನು ಈಗ ಡ್ರೈವ್ ತಾನೇ ಬಲ್ಲದು.

ಜಾನ್ಸನ್ 1971ರಲ್ಲಿ ನಿವೃತ್ತರಾದರು. ಅವರ ಹೆಸರಿನಲ್ಲಿ 90ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ನಿವೃತ್ತಿಯ ನಂತರ ಅವರ ಮನಸ್ಸು ಮತ್ತೆ ತರಗತಿಯತ್ತ ಹೊರಳಿತು. ಮಕ್ಕಳಿಗಾಗಿ ಮಾತನಾಡುವ ಪುಸ್ತಕಗಳ ತಂತ್ರವನ್ನು ರೂಪಿಸಿದರು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ಸಂದಿತು. ಡಿಸ್ಕ್ ಡ್ರೈವ್ ಒಬ್ಬರ ಕೈಕೆಲಸವಲ್ಲ. ಲೂಯಿಸ್ ಸ್ಟೀವನ್ಸ್, ವಿಲಿಯಂ ಗೊಡಾರ್ಡ್, ಜಾನ್ ಲೈನಾಟ್ ಮೊದಲಾದವರ ಪಾಲು ಅದರಲ್ಲಿದೆ. ಅನುಮಾನಗಳ ನಡುವೆ ದಾರಿಯನ್ನು ಆಯ್ದು, ಅದಕ್ಕೆ ಅಂಟಿಕೊಂಡು ನಿಂತದ್ದು ಜಾನ್ಸನ್ ಅವರ ಹಿರಿಮೆ.

1998ರ ಸೆಪ್ಟೆಂಬರ್ 15ರಂದು ಪಾಲೊ ಆಲ್ಟೊದಲ್ಲಿ, 92ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಕಾಲದ ಡಿಸ್ಕ್ ಘಟಕವೊಂದನ್ನು ಕ್ಯಾಲಿಫೋರ್ನಿಯಾದಲ್ಲಿ ಉತ್ಸಾಹಿ ಎಂಜಿನಿಯರುಗಳು ದುರಸ್ತಿ ಮಾಡಿ ಮತ್ತೆ ಚಾಲೂ ಮಾಡಿದರು. ತಟ್ಟೆಗಳ ಮೇಲೆ ದಶಕಗಳ ಹಿಂದೆ ಬರೆದಿದ್ದ ಮಾಹಿತಿಯನ್ನು ಅವರು ಓದಿದರು. ಬರೆದಿಟ್ಟ ದಾಖಲೆ ತನ್ನ ವಿಳಾಸದಲ್ಲೇ ಕಾದು ಕುಳಿತಿತ್ತು.