ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು

ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ ಸೀಮೆಯಲ್ಲಿ, ಭಾಲ್ಕಿಯ ಪರಿಸರದ ಚಳಕಾಪುರವೆಂಬ ಗ್ರಾಮದಲ್ಲಿ, ಗುರುಶಾಂತಪ್ಪ ಮತ್ತು ದೇವಮಲ್ಲಮ್ಮ ಎಂಬ ಸದ್ಭಕ್ತ ದಂಪತಿಗಳ ಉದರದಲ್ಲಿ 1836ನೆಯ ಇಸವಿಯ ಶ್ರೀರಾಮನವಮಿಯಂದು ಜನಿಸಿದ ಶಿಶುವೇ ಮುಂದೆ ಸದ್ಗುರು ಸಿದ್ಧಾರೂಢರೆಂದು ನಾಡಿನಲ್ಲೆಲ್ಲ ಖ್ಯಾತಿವೆತ್ತಿತು. ಸಿದ್ಧನೆಂಬುದು ಬಾಲ್ಯದ ಹೆಸರು. ಇನ್ನೂ ಆಟಪಾಠಗಳ ವಯಸ್ಸಿನಲ್ಲಿಯೇ ಆ ಬಾಲಕನು ಮನೆಯನ್ನು ತೊರೆದು ಗುರುವನ್ನು ಅರಸುತ್ತ ಹೊರಟನೆಂದು ಕನ್ನಡ, ಮರಾಠಿ ಎರಡೂ ಭಾಷೆಗಳ ಚರಿತ್ರಕಾರರು ಒಕ್ಕೊರಲಿನಿಂದ ಹೇಳುತ್ತಾರೆ. ಅವರು ವರ್ಣಿಸುವ ಬಾಲಲೀಲೆಗಳು ಅನೇಕ. ಭಕ್ತರ ಹೃದಯಕ್ಕೆ ಅವು ಪ್ರಿಯವಾದರೂ ಸಿದ್ಧಾರೂಢರ ನಿಜವಾದ ಹಿರಿಮೆ ಪವಾಡಗಳನ್ನು ಅವಲಂಬಿಸಿದುದಲ್ಲ.

ಅಮರಗುಂಡದ ಗಜದಂಡಸ್ವಾಮಿಗಳಲ್ಲಿ ಸಿದ್ಧನಿಗೆ ಗುರುಪ್ರಾಪ್ತಿಯಾಯಿತು. ಅಲ್ಲಿ ನೀರು ಹೊರುವ, ಕಸ ಗುಡಿಸುವ ಸೇವೆಯೂ ಶಾಸ್ತ್ರಶ್ರವಣವೂ ಜೊತೆಜೊತೆಯಾಗಿ ನಡೆದುವು. ಶಿಷ್ಯನ ಪರಿಪಾಕವನ್ನು ಕಂಡ ಗುರುಗಳು ಅವನಿಗೆ ಆರೂಢನೆಂಬ ಅಭಿಧಾನವನ್ನಿತ್ತರು. ಏರಿ ನಿಂತವನು ಎಂಬುದು ಆ ಪದದ ಅರ್ಥ. ದೇಹ, ಇಂದ್ರಿಯ, ಮನಸ್ಸುಗಳ ಮೆಟ್ಟಿಲುಗಳನ್ನು ಹತ್ತಿ ನಿಜಸ್ವರೂಪದಲ್ಲಿ ನೆಲೆಗೊಂಡವನೆಂಬುದು ಅದರ ಇಂಗಿತ. ಗುರುವಿನ ಅಪ್ಪಣೆ ಪಡೆದು ಅವರು ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ವರ್ಷಗಟ್ಟಲೆ ಸಂಚರಿಸಿದರು. ಕೌಪೀನವೊಂದೇ ಅವರ ಸೊತ್ತು.

ಅವರು ಹುಬ್ಬಳ್ಳಿಗೆ ಬಂದುದು 1877ರಲ್ಲಿ, ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ. ಈ ಇಸವಿಯನ್ನು ಅಲಕ್ಷಿಸುವಂತಿಲ್ಲ. ಧಾತು, ಈಶ್ವರ ಸಂವತ್ಸರಗಳ ಭೀಕರ ಕ್ಷಾಮವು ಆಗ ಧಾರವಾಡ ಸೀಮೆಯನ್ನೂ ಒಳಗೊಂಡಂತೆ ದಕ್ಷಿಣ ದೇಶವನ್ನೇ ನುಂಗುತ್ತಿದ್ದಿತು. ಅನ್ನವಿಲ್ಲದೆ ಜನರೂ ಮೇವಿಲ್ಲದೆ ದನಗಳೂ ಸಾಯುತ್ತಿದ್ದ ಕಾಲದಲ್ಲಿ, ನೀನು ಈ ದೇಹವಲ್ಲವೆಂಬ ಬೋಧೆಯನ್ನು ಹೊತ್ತು ಒಬ್ಬ ಸಾಧು ಬಂದರೆ ಹಸಿದವನಿಗೆ ಅದರಿಂದೇನು ಪ್ರಯೋಜನ? ಈ ಪ್ರಶ್ನೆ ಕಠಿನವಾದುದು. ದೇಹವು ಆತ್ಮವಲ್ಲವೆಂಬ ಮಾತನ್ನು ಉಂಡವನು ಉಣ್ಣದವನಿಗೆ ಹೇಳುವುದು ನಿಷ್ಠುರತೆಯೇ ಸರಿ. ಆದರೆ ಸಿದ್ಧಾರೂಢರು ತಾವೇ ಭಿಕ್ಷೆಯಿಂದ ಜೀವಿಸುತ್ತಿದ್ದವರು. ಮುಂದೆ ಅವರ ಸನ್ನಿಧಿಯಲ್ಲಿ ಶಾಸ್ತ್ರಪ್ರವಚನದಷ್ಟೇ ನಿಯತವಾಗಿ ದಾಸೋಹವೂ ನಡೆದುಬಂದಿತು. ಹಸಿವನ್ನು ತಣಿಸಿದ ಮೇಲೆಯೇ ವಿಚಾರವೆಂಬ ಕ್ರಮ ಅಲ್ಲಿಯ ಆಚರಣೆಯಲ್ಲಿ ಬೆಳೆಯಿತು.

ಅವರು ಪ್ರವಚನಕ್ಕೆ ಆರಿಸಿಕೊಂಡುದು ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು. ಸಂಸ್ಕೃತವರಿಯದ ರೈತರಿಗೂ ಹತ್ತಿಯ ವ್ಯಾಪಾರಿಗಳಿಗೂ ಹೆಣ್ಣುಮಕ್ಕಳಿಗೂ ವೇದಾಂತವನ್ನು ತಿಳಿಗನ್ನಡದಲ್ಲಿ ತಲುಪಿಸಲು ಪರಮಾನುಭವಬೋಧೆ, ಕೈವಲ್ಯಪದ್ಧತಿಗಳಿಗಿಂತ ಯೋಗ್ಯವಾದ ಗ್ರಂಥಗಳು ಬೇರೆ ದೊರೆಯಲಾರವು. ಆ ಶಾಸ್ತ್ರದ ವಿಚಾರಸರಣಿ ಸರಳವಾದುದು. ನನ್ನ ಮನೆ ಎನ್ನುವವನು ಮನೆಯಲ್ಲ. ನನ್ನ ದೇಹವೆನ್ನುವವನು ದೇಹವಾಗುವುದೆಂತು? ಬಾಲ್ಯದ ದೇಹ ಹೋಗಿ ಮುಪ್ಪಿನ ದೇಹ ಬಂದಿತು, ಎರಡನ್ನೂ ಕಂಡವನು ಒಬ್ಬನೇ. ಮನಸ್ಸು ಕ್ಷಣಕ್ಕೊಮ್ಮೆ ಹರ್ಷಿಸುತ್ತದೆ, ಕ್ಷಣಕ್ಕೊಮ್ಮೆ ಕುಗ್ಗುತ್ತದೆ. ಈ ಏರಿಳಿತವನ್ನು ಅರಿಯುವುದು ಏರಿಳಿಯದು. ಗಾಢನಿದ್ರೆಯಲ್ಲಿ ಮನಸ್ಸೂ ಅಡಗಿಹೋಗುತ್ತದೆ. ಆದರೂ ಎದ್ದವನು ತಾನು ಸುಖವಾಗಿ ಮಲಗಿದ್ದುದನ್ನು ಹೇಳಬಲ್ಲನಾದ್ದರಿಂದ ಅಲ್ಲಿಯೂ ಒಂದು ಅರಿವು ಸಾಕ್ಷಿಯಾಗಿದ್ದಿತೆಂಬುದು ಸಿದ್ಧ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳಿಗೂ ಸಾಕ್ಷಿಯಾದ ಆ ಅರಿವೇ ಆತ್ಮ, ಅದೇ ಶಿವ. ಕೇಳಲು ಇದು ಒಂದು ಗಳಿಗೆಯ ಮಾತು. ಕಾಯಿಲೆಯಲ್ಲಿ, ಅಪಮಾನದಲ್ಲಿ, ಆಪ್ತರ ಮರಣದಲ್ಲಿ ಇದು ನಿಲ್ಲುವುದೇ ಎಂಬಲ್ಲಿಯೇ ಇದರ ಪರೀಕ್ಷೆ.

ಸಿದ್ಧಾರೂಢರಿಗೆ ಆ ಪರೀಕ್ಷೆ ತಪ್ಪಲಿಲ್ಲ. ಜಾತಿಭೇದವೆಣಿಸದೆ ಬಂದವರನ್ನೆಲ್ಲ ಕೂಡಿಸಿಕೊಳ್ಳುತ್ತಿದ್ದ ಈ ಅವಧೂತರನ್ನು ಮೊದಲಲ್ಲಿ ಊರಿನ ಕೆಲವರು ಸಹಿಸಲಿಲ್ಲ. ನಿಂದೆ, ಹಿಂಸೆಗಳ ಪ್ರಸಂಗಗಳು ಅವರ ಚರಿತ್ರೆಗಳಲ್ಲಿ ಹೇರಳವಾಗಿವೆ. ವಿರೋಧಕ್ಕೆ ತತ್ತ್ವದ ಮುಖವೂ ಒಂದಿದ್ದಿತು. ವೀರಶೈವ ದರ್ಶನಕ್ಕೆ ಶಕ್ತಿವಿಶಿಷ್ಟಾದ್ವೈತವೆಂದು ಹೆಸರು. ಕರಸ್ಥಲದ ಇಷ್ಟಲಿಂಗವನ್ನು ನೋಡಿ, ಪೂಜಿಸಿ, ಷಟ್‌ಸ್ಥಲಗಳನ್ನೇರಿ ಲಿಂಗಾಂಗಸಾಮರಸ್ಯವನ್ನು ಹೊಂದುವುದು ಅದರ ಮಾರ್ಗ. ಆರೂಢರ ಬೋಧೆಯಾದರೋ ಕೇವಲಾದ್ವೈತದ ಕಡೆಗೆ ವಾಲಿದುದು. ಇವೆರಡರ ಅಂತರವನ್ನು ಇಲ್ಲವೆನ್ನಲಾಗದು. ಆದರೆ ವೀರಶೈವರಾದ ನಿಜಗುಣರೇ ಶತಮಾನಗಳ ಹಿಂದೆ ಈ ಎರಡು ದಡಗಳ ನಡುವೆ ಸೇತುವೆ ಕಟ್ಟಿದ್ದರೆಂಬುದನ್ನೂ ಮರೆಯಲಾಗದು. ಸಿದ್ಧಾರೂಢರು ನಡೆದುದು ಆ ಸೇತುವೆಯ ಮೇಲೆ.

ಸಾಮಾನ್ಯ ಜನರಿಗೆ ಅವರು ಕೊಟ್ಟುದು ಓಂಕಾರಸಹಿತವಾದ ಪಂಚಾಕ್ಷರಿಯನ್ನು. ಮಧ್ವಮತದ ನೆಲೆವೀಡಾದ ಉಡುಪಿಯ ಸೀಮೆಯಲ್ಲಿ, ಪೆರ್ಡೂರಿನ ಅನಂತಪದ್ಮನಾಭಸ್ವಾಮಿಗೆ ಬಾಳೆಹಣ್ಣಿನ ಹರಕೆ ಒಪ್ಪಿಸುವ ಭಕ್ತನಿಗೆ ದೇವರು ಒಡೆಯ, ತಾನು ದಾಸ. ಆ ಭೇದವೇ ಅವನ ಭಕ್ತಿಯ ಬೇರು. ಅದ್ವೈತಿಯು ಇಂತಹ ಉಪಾಸನೆಯನ್ನು ಹಳಿಯಬೇಕಾಗಿಲ್ಲ. ಚಿತ್ತಶುದ್ಧಿಯಿಲ್ಲದೆ ನಾನೇ ಬ್ರಹ್ಮವೆನ್ನುವವನಿಗಿಂತ ಹಣ್ಣು ಹೊತ್ತು ಬರುವ ಭಕ್ತನು ಆತ್ಮಕ್ಕೆ ಹೆಚ್ಚು ಸಮೀಪನೆಂದು ಶಾಸ್ತ್ರಗಳನ್ನು ಬಲ್ಲವರು ಒಪ್ಪುತ್ತಾರೆ. ನಾಮಸ್ಮರಣೆಗೆ ಸಿದ್ಧಾರೂಢರು ಅಷ್ಟು ಪ್ರಾಶಸ್ತ್ಯವಿತ್ತುದು ಇದರಿಂದಲೇ. ಶಿಶುನಾಳದ ಷರೀಫರು, ನವಲಗುಂದದ ನಾಗಲಿಂಗಸ್ವಾಮಿಗಳು ಮೊದಲಾದ ಸಮಕಾಲೀನ ಅನುಭಾವಿಗಳೊಡನೆ ಅವರಿಗಿದ್ದ ಸ್ನೇಹದ ಕಥೆಗಳನ್ನು ಉತ್ತರ ಕರ್ನಾಟಕದ ಜನ ಇಂದಿಗೂ ಹೇಳಿಕೊಳ್ಳುತ್ತಾರೆ.

ಐವತ್ತಕ್ಕೂ ಹೆಚ್ಚು ವರ್ಷ ಹುಬ್ಬಳ್ಳಿಯಲ್ಲಿ ನೆಲೆಸಿ, 1929ರ ಆಗಸ್ಟ್ 21ರಂದು, ತೊಂಬತ್ತಮೂರರ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು. ಶಿಷ್ಯರಾದ ಗುರುನಾಥಾರೂಢರು ಆ ಪರಂಪರೆಯನ್ನು ಮುಂದುವರಿಸಿದರು. 2020ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರನ್ನಿಡಲಾಯಿತು. ನಾಮರೂಪಗಳು ತಾನಲ್ಲವೆಂದು ಬೋಧಿಸಿದವರ ನಾಮವನ್ನು ಈಗ ಸಾವಿರಾರು ಪ್ರಯಾಣಿಕರು ದಿನವೂ ಓದುತ್ತಾರೆ. ಶಿವರಾತ್ರಿಯ ಜಾತ್ರೆಗೂ, ಶ್ರಾವಣದಲ್ಲಿ ಪುಣ್ಯತಿಥಿಯ ಅಂಗವಾಗಿ ಮಠದ ಕೆರೆಯಲ್ಲಿ ನಡೆಯುವ ಜಲರಥೋತ್ಸವಕ್ಕೂ ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ಬರುತ್ತಾರೆ. ಉಭಯ ಸಂದರ್ಭಗಳಲ್ಲಿಯೂ ನಿಜಗುಣರ ಶಾಸ್ತ್ರದ ಪ್ರವಚನ ನಡೆಯುತ್ತದೆ.