ಸಾಲ ಬೇಡ ಅನ್ನದ ಗೌಡರು

ಜಿಡಗಾದಲ್ಲಿ ತೊಗರಿ ಬಿತ್ತೋ ರೈತ ಸಾಲ ಮಾಡಿದರೆ ಅದು ಬೇಜವಾಬ್ದಾರಿಯೇ? ಈ ಮಾತು ಬಂದಾಗೆಲ್ಲ ನನಗೆ ನೆನಪಾಗೋದು ಗದಗ ಹತ್ತಿರದ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.

1876–78ರ ಬರ ಕಂಡ ಸೀಮೆ ಅದು. ಮಳೆ ಕೈಕೊಟ್ಟರೆ ಸಾಹುಕಾರನ ಬಾಗಿಲು, ಬಡ್ಡಿ ಬೆಳೆದರೆ ಹೊಲ ಅವನ ಪಾಲು. ಗೌಡರು ಸಾಲವೇ ಬೇಡ ಅನ್ನಲಿಲ್ಲ, ಸಾಲ ಕೊಡೋರನ್ನು ಬದಲಿಸಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಅವರ ಮುಂದಾಳತ್ವದಲ್ಲಿ ಕಣಗಿನಹಾಳದ ಸಂಘ ಶುರುವಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಗೌಡರಿಗೆ ಸಹಕಾರ ಪಿತಾಮಹ ಅಂತ.

ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಒಂದು ಷರತ್ತು. ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲ ಎಲ್ಲರ ತಲೆ ಮೇಲೆ. ಹಂಗಾಗಿ ದುಡ್ಡು ಎತ್ತಿಗೋ, ಬೀಜಕ್ಕೋ, ಮದುವೆ ಮೆರವಣಿಗೆಗೋ ಅಂತ ಪಕ್ಕದ ಮನೆಯವನೇ ಕೇಳಬೇಕಿತ್ತು. ಮುಜುಗರದ ಪ್ರಶ್ನೆ, ಆದರೆ ಅಗತ್ಯದ್ದು.

ನಿಜಾಮರ ಕೈಲಿದ್ದ ಆಳಂದ ಸೀಮೆ ಆಗ ಆ ಕಾಯ್ದೆಯ ಆಚೆ ಇತ್ತು. ಇವತ್ತಿನ ಮೈಕ್ರೋ ಫೈನಾನ್ಸ್ ಗುಂಪುಗಳಲ್ಲೂ ಹೊಣೆ ಎಲ್ಲರದ್ದೇ, ಬಡ್ಡಿ ಮಾತ್ರ ಊರಾಚೆ ಹೋಗುತ್ತೆ. ವಸೂಲಿ ಕಿರುಕುಳ ತಡೆಯೋಕೆ ರಾಜ್ಯ 2025ರಲ್ಲಿ ಕಾನೂನೇ ತರಬೇಕಾಯಿತು. ಕಣಗಿನಹಾಳದಲ್ಲಿ ಸಾಲಗಾರನೂ ಸಂಘದ ಒಡೆಯರಲ್ಲಿ ಒಬ್ಬನಾಗಿದ್ದ.