ರಾಧಾಬಾಯಿ ಸುಬ್ಬರಾಯನರೂ ಅವರ ತಂದೆಯ ಮನೆಯೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳಿಂದ ಮಂಗಳೂರಿಗೆ ಹೋಗಿಬರುವ ನಮ್ಮಲ್ಲಿ ಅನೇಕರು ಅಲ್ಲಿಯ ಪುರಭವನವನ್ನು ಕಂಡಿರುವೆವು. ಅದಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅವರ ಮಗಳಾದ ರಾಧಾಬಾಯಿಯವರು ರಾಜಕಾರ್ಯದಲ್ಲಿ ಹೆಸರಾದವರು. ಮಗಳ ಚರಿತ್ರೆಯನ್ನು ತಿಳಿಯಬೇಕಾದರೆ ತಂದೆಯ ಮನೆಯಿಂದಲೇ ಆರಂಭಿಸತಕ್ಕದ್ದು.

ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿ ತಂದೆಯನ್ನು ಕಳಕೊಂಡು ಮಂಗಳೂರಿಗೆ ಬಂದು, ಉಪಾಧ್ಯಾಯರಾಗಿಯೂ ಬಳಿಕ ವಕೀಲರಾಗಿಯೂ ಜೀವನ ಸಾಗಿಸಿದರು, ಬ್ರಹ್ಮಸಮಾಜವನ್ನು ಸೇರಿದರು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಶಾಲೆಯನ್ನು ತೆರೆದರು. ಇದಕ್ಕಾಗಿ ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರು ನಮ್ಮ ಸಭೆಯವರಲ್ಲ. ಆದರೂ ಕರ್ತನನ್ನು ನಂಬಿದ ನಿಮಿತ್ತ ಮನೆಮಾರುಗಳಿಂದ ಹೊರಗಾದ ನಮ್ಮ ಹಿರಿಯರು ಆ ಕಷ್ಟವೇನೆಂದು ಬಲ್ಲವರಾಗಿದ್ದರು.

ಇಂಥ ಮನೆಯಲ್ಲಿ 1891ರಲ್ಲಿ ಹುಟ್ಟಿದ ರಾಧಾಬಾಯಿಯವರು ಮದ್ರಾಸಿನಲ್ಲಿಯೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿಯೂ ವಿದ್ಯಾಭ್ಯಾಸ ಮಾಡಿದರು. 1912ರಲ್ಲಿ ತಿರುಚೆಂಗೋಡು ಸೀಮೆಯ ಜಮೀನ್ದಾರರಾದ ಡಾಕ್ಟರ್ ಪಿ. ಸುಬ್ಬರಾಯನರನ್ನು ಮದುವೆಯಾದರು. ವರನು ಬೇರೆ ಜಾತಿಯವನು, ಬೇರೆ ಭಾಷೆಯವನು. ತಂದೆಯು ಊರವರಿಗೆ ಬೋಧಿಸಿದ್ದನ್ನು ತನ್ನ ಮನೆಯಲ್ಲಿಯೇ ನಡಿಸಿ ತೋರಿಸಿದನು. ಸುಬ್ಬರಾಯನರು 1926ರಿಂದ 1930ರ ವರೆಗೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು.

1930ರಲ್ಲಿ ಲಂಡನಿನಲ್ಲಿ ಕೂಡಿದ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಹಿಂದುಸ್ಥಾನದಿಂದ ಹೋದ ಸ್ತ್ರೀ ಪ್ರತಿನಿಧಿಗಳು ಇಬ್ಬರೇ, ಅವರಲ್ಲಿ ರಾಧಾಬಾಯಿಯವರೊಬ್ಬರು. ಶಾಸನಸಭೆಗಳಲ್ಲಿ ಸ್ತ್ರೀಯರಿಗೆ ಸ್ಥಾನಗಳನ್ನು ಕಾದಿರಿಸಬೇಕೆಂದು ಅವರು ಅಲ್ಲಿ ವಾದಿಸಿದರು. 1938ರಲ್ಲಿ ದಿಲ್ಲಿಯ ರಾಜ್ಯ ಪರಿಷತ್ತಿಗೆ ಚುನಾಯಿತರಾದ ಪ್ರಥಮ ಸ್ತ್ರೀಯಾದರು. ರಂಗರಾಯರು ಇದನ್ನು ಕಾಣಲಿಲ್ಲ, 1928ರಲ್ಲಿಯೇ ತೀರಿಕೊಂಡಿದ್ದರು. ರಾಧಾಬಾಯಿಯವರು 1960ರಲ್ಲಿ ನಿಧನ ಹೊಂದಿದರು. ಮಕ್ಕಳಲ್ಲಿ ಒಬ್ಬರು 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು, ಒಬ್ಬರು ಕೇಂದ್ರದ ಮಂತ್ರಿಗಳಾದರು, ಮಗಳು ಪಾರ್ಲಿಮೆಂಟಿನ ಸದಸ್ಯೆಯಾದರು.

ಊರೇ ಬಹಿಷ್ಕರಿಸಿದ ಮನೆಯಿಂದ ಇಷ್ಟು ಫಲ ಬಂದಿತು. ಜಾತಿಯನ್ನು ಬಿಟ್ಟೆವೆನ್ನುವ ನಾವು ಮಕ್ಕಳಿಗೆ ಸಂಬಂಧ ನೋಡುವಾಗ ಹಳೆಯ ಜಾತಿಯನ್ನು ಮೆಲ್ಲನೆ ವಿಚಾರಿಸುವುದುಂಟೋ? ಹೆಣ್ಣುಮಗಳಿಗೆ ಇಷ್ಟು ಓದು ಸಾಕೆಂದು ಶಾಲೆ ಬಿಡಿಸುವುದುಂಟೋ? ಒಂದೇ ಮೇಜಿನಿಂದ ರೊಟ್ಟಿ ತಿನ್ನುವ ನಾವು ನಮ್ಮ ನಮ್ಮ ಮನೆಯನ್ನು ಪರೀಕ್ಷಿಸಿಕೊಳ್ಳುವಂತೆ ಕರ್ತನು ಸಹಾಯ ಮಾಡಲಿ.